ನಾಲ್ಕು ವರ್ಷದ ಮಗುವನ್ನು ಚೌಕಾಬಾರದ ಪಟದ ಮುಂದೆ ಕೂರಿಸುವುದು ಹೇಗೆ?

ಪ್ರಶ್ನೆ: ಸಾಗರದಿಂದ ಒಬ್ಬ ತಾಯಿ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಚೌಕಾಬಾರ ಆಡುವುದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ನಡೆದುಕೊಂಡು ಬಂದ ರೂಢಿ. ಅತ್ತೆ, ಪತಿ, ಒಂಬತ್ತು ವರ್ಷದ ಮಗ ಮತ್ತು ನಾನು ಸೇರಿದರೆ ಪಟದ ನಾಲ್ಕೂ ಬದಿ ತುಂಬುತ್ತದೆ. ನಾಲ್ಕು ವರ್ಷ ತುಂಬಿದ ಮಗಳನ್ನು ಇದುವರೆಗೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಅಜ್ಜಿಯ ತೊಡೆಯ ಮೇಲೆ ಕೂರಿಸಿಕೊಂಡು, ಆಗಾಗ ಅವಳ ಕೈಯಿಂದ ಕವಡೆ ಹಾಕಿಸಿ ಸಮಾಧಾನಪಡಿಸುತ್ತಿದ್ದೆವು. ಈಚೆಗೆ ಅಷ್ಟರಿಂದ ಅವಳಿಗೆ ತೃಪ್ತಿಯಿಲ್ಲ, ತನ್ನದೇ ಕಾಯಿಗಳು ಬೇಕು ಎನ್ನುತ್ತಾಳೆ. ಕೊಟ್ಟರೆ ಸರದಿ ಕಾಯುವುದಿಲ್ಲ; ಮೂರು ಗರ ಬಿದ್ದರೆ ಕಾಯಿಯನ್ನು ತನಗೆ ಇಷ್ಟ ಬಂದ ಮನೆಯಲ್ಲಿ ಇಡುತ್ತಾಳೆ; ಅಣ್ಣ ಅವಳ ಕಾಯಿಯನ್ನು ಹೊಡೆದರೆ ಸೀಮೆಸುಣ್ಣದ ಪಟವನ್ನು ಅಂಗೈಯಿಂದ ಅಳಿಸಿಬಿಡುತ್ತಾಳೆ.

ಇದಕ್ಕಿಂತ ಸುಲಭವಿರಬಹುದೆಂದು ತಂದ ಹಾವು ಏಣಿಯೂ ಕೈಗೂಡಲಿಲ್ಲ. ಮೊದಲ ಸಾಲಿನಲ್ಲಿ ಎಡದಿಂದ ಬಲಕ್ಕೆ ಸರಿಯಾಗಿಯೇ ಹೋಗುತ್ತಾಳೆ, ಹನ್ನೊಂದನೆಯ ಮನೆಗೆ ಹತ್ತಿದ ಮೇಲೆ ದಿಕ್ಕು ಬದಲಾಗುವುದು ಅವಳಿಗೆ ಒಪ್ಪಿಗೆಯಾಗುವುದಿಲ್ಲ.

ಪತಿಯ ಅಭಿಪ್ರಾಯದಲ್ಲಿ ಕೆಲವು ದಿನ ಅವಳೇ ಗೆಲ್ಲುವಂತೆ ನೋಡಿಕೊಂಡರೆ ಆಸೆ ಹುಟ್ಟುತ್ತದೆ. ಅತ್ತೆಯವರಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಇನ್ನೂ ಎರಡು ವರ್ಷ ಕಾಯುವುದು ಒಳ್ಳೆಯದೋ, ಅಥವಾ ಈ ವಯಸ್ಸಿನವರನ್ನು ನಿಜವಾಗಿಯೂ ಆಟಕ್ಕೆ ಸೇರಿಸಿಕೊಳ್ಳುವ ದಾರಿ ಇದೆಯೋ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಶಿಶುವಿಹಾರದ ಶಿಕ್ಷಕಿ, ಧಾರವಾಡ

ಎರಡು ವರ್ಷ ಕಾಯುವ ಅಗತ್ಯವಿಲ್ಲ. ಆದರೆ ದೊಡ್ಡವರ ಆಟವನ್ನು ಹಾಗೆಯೇ ಅವಳ ಮುಂದಿಟ್ಟು, ಅವಳು ಆಡಲಾರಳೆಂದು ತೀರ್ಮಾನಿಸುವುದೂ ನ್ಯಾಯವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಗುವಿಗಾಗಿ ಆಟದ ಪಟವನ್ನು ಚಿಕ್ಕದು ಮಾಡಬಹುದು, ಕಾಯಿಗಳನ್ನು ಕಡಿಮೆ ಮಾಡಬಹುದು, ನಿಯಮಗಳನ್ನು ಬಿಡಬಹುದು, ಫಲಿತಾಂಶವನ್ನು ಮಾತ್ರ ತಿದ್ದಬಾರದು. ನಿಮ್ಮ ಪತಿ ಹೇಳುವಂತೆ ಗುಟ್ಟಾಗಿ ಸೋತು ಕೊಡುವುದರಲ್ಲಿ ಎರಡು ತೊಡಕುಗಳಿವೆ. ನಾಲ್ಕು ವರ್ಷದವರು ನಾವು ಎಣಿಸಿರುವುದಕ್ಕಿಂತ ಬೇಗ ಅದನ್ನು ಗುರುತಿಸುತ್ತಾರೆ. ಗುರುತಿಸದಿದ್ದರೆ ಇನ್ನೂ ಕಷ್ಟ, ಏಕೆಂದರೆ ಒಂಬತ್ತು ವರ್ಷದ ಅಣ್ಣ ಸೋತು ಕೊಡಲು ಒಪ್ಪದ ದಿನ ಅವಳಿಗೆ ಅದು ಅನ್ಯಾಯವೆಂದೇ ತೋರುತ್ತದೆ.

ಚೌಕಾಬಾರ ಈ ವಯಸ್ಸಿಗೆ ಬಹಳ ಕಠಿಣವೆಂಬ ಭಾವನೆ ಅನೇಕರಲ್ಲಿದೆ. ಅದರ ಒಂದು ಭಾಗ ಮಾತ್ರ ಕಠಿಣ, ಇನ್ನೊಂದು ಭಾಗ ದಾಳಕ್ಕಿಂತಲೂ ಸುಲಭ. ದಾಳದ ಮೇಲಿನ ಐದು ಮತ್ತು ಆರು ಚುಕ್ಕೆಗಳನ್ನು ನಾಲ್ಕು ವರ್ಷದ ಮಗು ಒಂದೊಂದಾಗಿ ಎಣಿಸಬೇಕಾಗುತ್ತದೆ, ಎಣಿಸುವಾಗ ತಪ್ಪುತ್ತದೆ. ಕವಡೆಗಳಲ್ಲಿ ಹಾಗಲ್ಲ. ಬಾಯಿ ಮೇಲಾಗಿ ಬಿದ್ದ ಕವಡೆಗಳು ಎಷ್ಟೋ ಗರವೂ ಅಷ್ಟೇ. ಒಂದು, ಎರಡು, ಮೂರು ವಸ್ತುಗಳನ್ನು ಈ ವಯಸ್ಸಿನ ಮಕ್ಕಳು ಎಣಿಸದೆಯೇ ಒಂದು ನೋಟದಲ್ಲಿ ಹೇಳಬಲ್ಲರು, ನಾಲ್ಕಕ್ಕೆ ಸ್ವಲ್ಪ ತಡವರಿಸುತ್ತಾರೆ. ತೊಂದರೆ ಕೊಡುವುದು ಬಾರ ಮಾತ್ರ. ನಾಲ್ಕೂ ಬೋರಲು ಬಿದ್ದಾಗ, ಎಣಿಸಲು ಒಂದೂ ಇಲ್ಲದಿರುವಾಗ, ಎಂಟು ಮನೆ ನಡೆಯಬೇಕೆಂಬುದು ಅವಳ ಬುದ್ಧಿಗೆ ನಿಲುಕುವ ಮಾತಲ್ಲ. ಸದ್ಯಕ್ಕೆ ಬಾರ ಬಿದ್ದರೆ ಕಾಯಿ ನಡೆಸದೆ ಮತ್ತೊಮ್ಮೆ ಕವಡೆ ಹಾಕುವುದೆಂದು ಎಲ್ಲರಿಗೂ ಅನ್ವಯಿಸುವಂತೆ ನಿಯಮ ಮಾಡಿರಿ. ‘ಎಲ್ಲರಿಗೂ’ ಎಂಬುದು ಮುಖ್ಯ. ಅವಳೊಬ್ಬಳಿಗೆ ಬೇರೆ ಲೆಕ್ಕವಾದರೆ ಅವಳು ಮತ್ತೆ ಲೆಕ್ಕಕ್ಕಿಲ್ಲದವಳೇ ಆಗುತ್ತಾಳೆ.

ಪಟದ ವಿಷಯಕ್ಕೆ ಬರುತ್ತೇನೆ. ಐದೈದರ ಪಟದಲ್ಲಿ ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8 ಮನೆ, ನಡುವೆ ಒಂದು. ಹೊರಸುತ್ತಿನಲ್ಲಿ ಅಪ್ರದಕ್ಷಿಣವಾಗಿ ಹೋಗುವ ಕಾಯಿ ಒಳಸುತ್ತಿಗೆ ಇಳಿದ ಕೂಡಲೇ ಪ್ರದಕ್ಷಿಣವಾಗಿ ನಡೆಯಬೇಕು. ಹಾವು ಏಣಿಯ ಹನ್ನೊಂದನೆಯ ಮನೆಯಲ್ಲಿ ನಿಮ್ಮ ಮಗಳಿಗೆ ಎದುರಾದ ಕಷ್ಟವೇ ಇಲ್ಲಿಯೂ ಎದುರಾಗುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಒಳಸುತ್ತನ್ನು ಬಿಟ್ಟುಬಿಡಿ. ಪ್ರತಿಯೊಬ್ಬರಿಗೂ ಒಂದೇ ಕಾಯಿ, ಒಂದೇ ಸುತ್ತು; ಹೊರಟ ಕಟ್ಟೆಮನೆಗೆ, ಅಂದರೆ ಪ್ರತಿ ಬದಿಯ ನಡುವೆ ಗುರುತು ಹಾಕಿದ ಮನೆಗಳಲ್ಲಿ ತನ್ನದಕ್ಕೆ, ಹಿಂತಿರುಗಿದರೆ ಕಾಯಿ ಹಣ್ಣಾಯಿತು. ಕಾಯಿ ಹೊಡೆಯುವುದನ್ನೂ ಬಿಡಿ. ಇಂಥ ಆಟ ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಅಷ್ಟೇ ಸಾಕು. ಮಗುವಿನ ಲಕ್ಷ್ಯ ಪಟದಿಂದ ಏಳುವ ಮೊದಲೇ ಆಟ ಮುಗಿದರೆ ಇನ್ನೊಂದು ಆಟಕ್ಕೆ ಅವಳೇ ಕರೆಯುತ್ತಾಳೆ. ಅಂದ ಹಾಗೆ, ನಾಲ್ವರ ಬದಲು ಇಬ್ಬರು ಅಥವಾ ಮೂವರು ಆಡಿರಿ. ಸರದಿ ಕಾಯುವ ತಾಳ್ಮೆ ಬೆಳೆಯಬೇಕೆಂಬುದು ನಿಜ. ನಾಲ್ವರು ದೊಡ್ಡವರು ಒಬ್ಬೊಬ್ಬರೂ ಯೋಚಿಸಿ ಯೋಚಿಸಿ ಕಾಯಿ ನಡೆಸುವಾಗ ಅದು ಬೆಳೆಯುವುದಿಲ್ಲ, ಸಾಯುತ್ತದೆ. ಇತರರ ಸರದಿಯಲ್ಲಿ ಅವಳಿಗೊಂದು ಕೆಲಸವಿರಲಿ. ಕವಡೆಗಳನ್ನು ಕೂಡಿಸಿ ಮುಂದಿನವರ ಕೈಗೆ ಕೊಡುವುದು, ಎಷ್ಟು ಬಿತ್ತೆಂದು ಎಲ್ಲರಿಗೂ ಕೂಗಿ ಹೇಳುವುದು, ಇವೆರಡನ್ನೂ ನಾಲ್ಕು ವರ್ಷದವರು ಅತ್ಯಂತ ಗಂಭೀರವಾಗಿ ಮಾಡುತ್ತಾರೆ. ಕವಡೆ ಮೂಲೆಗೆ ಹಾರದಂತೆ ಒಂದು ಅಗಲವಾದ ತಟ್ಟೆಯನ್ನು ಇಟ್ಟು ಅದರೊಳಗೇ ಹಾಕುವಂತೆ ಹೇಳಿದರೆ ಮುಗಿಯಿತು.

ಮೂರು ಬಿದ್ದಾಗ ಇಷ್ಟ ಬಂದ ಮನೆಯಲ್ಲಿ ಇಡುತ್ತಾಳೆ ಎಂದು ಬರೆದಿದ್ದೀರಿ. ಅದು ಹಟವೇ ಇರಬೇಕೆಂದಿಲ್ಲ. ಮಕ್ಕಳು ಬಹುತೇಕ ಕಾಯಿ ನಿಂತಿರುವ ಮನೆಯನ್ನೇ ಒಂದೆಂದು ಎಣಿಸಿ ಹೊರಡುತ್ತಾರೆ, ಆಗ ಒಂದು ಮನೆ ಹಿಂದೆ ನಿಲ್ಲುತ್ತಾರೆ. ನಾವು ತಿದ್ದುತ್ತೇವೆ, ಅವರಿಗೆ ಯಾವುದು ತಪ್ಪಾಯಿತೆಂದು ತಿಳಿಯುವುದಿಲ್ಲ, ಆಮೇಲೆ ಎಣಿಸುವುದನ್ನೇ ಕೈಬಿಡುತ್ತಾರೆ. ಕಾಯಿಯನ್ನು ಎತ್ತಿ ಮುಂದಿನ ಮನೆಯಲ್ಲಿ ಟಕ್ಕೆಂದು ಕುಟ್ಟಿದಾಗಲೇ ಅಂಕಿ ಹೇಳುವ ಅಭ್ಯಾಸವನ್ನು ನೀವೇ ನಿಮ್ಮ ಸರದಿಯಲ್ಲಿ ಮಾಡಿ ತೋರಿಸಿರಿ. ಬಾಯಿಮಾತಿನ ವಿವರಣೆಗಿಂತ ಆ ಶಬ್ದ ಹೆಚ್ಚು ಕಲಿಸುತ್ತದೆ.

ಹಾವು ಏಣಿಯನ್ನು ಎಸೆಯಬೇಡಿ, ಅಟ್ಟಕ್ಕೆ ಹಾಕಿರಿ. ಅದರ ಬದಲು ನೆಲದ ಮೇಲೆ ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆದು, ಒಂದರಿಂದ ಹತ್ತರವರೆಗೆ ಅಂಕಿ ಹಾಕಿ, ಒಂದೇ ಕವಡೆಯಿಂದ ಆಡಿರಿ: ಬಾಯಿ ಮೇಲಾದರೆ ಒಂದು ಮನೆ, ಬೋರಲಾದರೆ ಎರಡು ಮನೆ. ಇದು ನನ್ನ ಕಲ್ಪನೆಯಷ್ಟೇ ಅಲ್ಲ. ಅಮೆರಿಕದ ಸಂಶೋಧಕರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಆದಾಯದ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳು ಇಂಥದೇ ಒಂದರಿಂದ ಹತ್ತರ ಸಾಲಿನ ಆಟವನ್ನು ಎರಡು ವಾರಗಳಲ್ಲಿ ನಾಲ್ಕು ಬಾರಿ, ಪ್ರತಿ ಸಲ ಹದಿನೈದಿಪ್ಪತ್ತು ನಿಮಿಷ ಆಡಿದರು. ಅಂಕಿಗಳನ್ನು ಗುರುತಿಸುವುದು, ಎರಡು ಸಂಖ್ಯೆಗಳಲ್ಲಿ ದೊಡ್ಡದಾವುದೆಂದು ಹೇಳುವುದು ಮುಂತಾದವುಗಳಲ್ಲಿ ಅವರು ಸುಧಾರಿಸಿದರು. ಅಂಕಿಗಳ ಬದಲು ಬಣ್ಣಗಳಿದ್ದ ಅದೇ ಬಗೆಯ ಆಟವನ್ನು ಆಡಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಇದೇ ಗುಂಪಿನ ಮುಂದಿನ ಅಧ್ಯಯನದಲ್ಲಿ, ಮನೆಗಳನ್ನು ವೃತ್ತಾಕಾರದಲ್ಲಿ ಜೋಡಿಸಿದಾಗ ನೇರ ಸಾಲಿನಷ್ಟು ಪ್ರಯೋಜನವಾಗಲಿಲ್ಲ. ಹಾಗಾಗಿ ಚೌಕಾಬಾರ ಆಡಿದರೆ ಗಣಿತ ತಾನಾಗಿ ಬರುತ್ತದೆ ಎಂದು ಹೇಳುವವರ ಮಾತನ್ನು ನಾನು ಅರ್ಧವಷ್ಟೇ ಒಪ್ಪುತ್ತೇನೆ, ಆ ಪಟದಲ್ಲಿ ಅಂಕಿಗಳೇ ಇಲ್ಲ. ಅಂಕಿ ಕಲಿಸುವ ಉದ್ದೇಶವಿದ್ದರೆ ಸಾಲಿನ ಆಟವನ್ನು ಆಡಿಸಿ, ಕಾಯಿ ನಾಲ್ಕರಲ್ಲಿ ನಿಂತಿದ್ದು ಎರಡು ಬಿದ್ದರೆ ‘ಒಂದು, ಎರಡು’ ಎನ್ನುವ ಬದಲು ‘ಐದು, ಆರು’ ಎಂದು ಹೇಳಿಸಿರಿ. ಮನೆಯವರೊಂದಿಗೆ ಕುಳಿತು ನಗಬೇಕೆಂಬ ಉದ್ದೇಶವಿದ್ದರೆ ಚೌಕಾಬಾರವೇ ಸಾಕು, ಅದಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ.

ಉತ್ತರ: ಮಕ್ಕಳ ವಾರ್ಡಿನ ದಾದಿ, ಹಾಸನ

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಮನೆಯಲ್ಲಿ ಮೂರು ವರ್ಷದೊಳಗಿನ ಇನ್ನೊಂದು ಮಗು ಇದ್ದರೆ ಅಥವಾ ಬರುತ್ತಿದ್ದರೆ ಕವಡೆ, ಹುಣಸೆಬೀಜ, ಗುಂಡಿಗಳನ್ನು ಆಟ ಮುಗಿದ ಕೂಡಲೇ ಎಣಿಸಿ ಡಬ್ಬಿಗೆ ಹಾಕಿರಿ. ಆಟಿಕೆಗಳ ಪರೀಕ್ಷೆಯಲ್ಲಿ ಸುಮಾರು 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವನ್ನಾದರೂ ಆ ವಯಸ್ಸಿನವರಿಗೆ ಉಸಿರುಗಟ್ಟಿಸಬಹುದಾದ ಚಿಕ್ಕ ಭಾಗವೆಂದು ಪರಿಗಣಿಸುತ್ತಾರೆ. ನಮ್ಮ ಸಾಮಾನ್ಯ ಕವಡೆ ಆ ಕೊಳವೆಯಲ್ಲಿ ಸುಲಭವಾಗಿ ಇಳಿಯುತ್ತದೆ. ನಾಲ್ಕು ವರ್ಷದವರು ಬಾಯಿಗಿಂತ ಹೆಚ್ಚಾಗಿ ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ, ಮತ್ತು ಮೂಗಿನೊಳಗೆ ಸೇರಿದ ಬೀಜ ತೇವಕ್ಕೆ ಉಬ್ಬುತ್ತದೆ. ಹಾಗಾದರೆ ಮನೆಯಲ್ಲಿ ಚಿಮುಟದಿಂದ ಕೀಳಲು ಹೋಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಕಾಯಿಗಳಾಗಿ ಗುಲಗಂಜಿಯನ್ನು ದಯವಿಟ್ಟು ಬಳಸಬೇಡಿ. ನೋಡಲು ಚೆಂದವಿದ್ದರೂ ಕೆಂಪು ಬೀಜದ ಮೇಲೆ ಕಪ್ಪು ಚುಕ್ಕೆಯಿರುವ ಅದು ವಿಷದ ಬೀಜ, ಅಗಿದರೆ ಪ್ರಾಣಾಪಾಯವಿದೆ. ಅಂಗಡಿಯ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿರಿ. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ.

ಉತ್ತರ: ಜರ್ಮನಿಯಲ್ಲಿರುವ ಕನ್ನಡಿಗ, ಒಬ್ಬ ತಂದೆ

ಇಲ್ಲಿನ ಶಿಶುವಿಹಾರಗಳ ಕಪಾಟಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಒಂದು ಆಟದ ವಿಷಯವನ್ನು ತಿಳಿಸುತ್ತೇನೆ, ಏಕೆಂದರೆ ಅದನ್ನು ಕೊಳ್ಳದೆಯೇ ಸಾಗರದಲ್ಲಿ ಮಾಡಿಕೊಳ್ಳಬಹುದು. ಬವೇರಿಯಾದ ಬಾಡ್ ರೋಡಾಕ್ ಊರಿನ ಹಾಬಾ ಎಂಬ ಕಂಪನಿ 1986ರಲ್ಲಿ ಹೊರತಂದ ‘ಓಬ್ಸ್ಟ್‌ಗಾರ್ಟನ್’, ಅಂದರೆ ಹಣ್ಣಿನ ತೋಟ, ಎಂಬ ಆಟವಿದೆ. ಎರಡು ವರ್ಷ ದಾಟಿದವರಿಗಾಗಿ ಅದರ ಚಿಕ್ಕ ರೂಪವೂ ಬಂದಿದೆ. ಚಿಕ್ಕದರಲ್ಲಿ ನಾಲ್ಕು ಬಣ್ಣದ ಮರದ ಹಣ್ಣುಗಳು ನಾಲ್ಕು ನಾಲ್ಕರಂತೆ ಹದಿನಾರು ಇರುತ್ತವೆ. ದಾಳದ ನಾಲ್ಕು ಮುಖಗಳಲ್ಲಿ ಆ ನಾಲ್ಕು ಬಣ್ಣಗಳು, ಐದನೆಯದರಲ್ಲಿ ಬುಟ್ಟಿ, ಆರನೆಯದರಲ್ಲಿ ಕಾಗೆ. ಬಣ್ಣ ಬಿದ್ದರೆ ಆ ಬಣ್ಣದ ಹಣ್ಣನ್ನು ಕೀಳಬೇಕು, ಬುಟ್ಟಿ ಬಿದ್ದರೆ ಬೇಕಾದ ಹಣ್ಣನ್ನು ಆರಿಸಿಕೊಳ್ಳಬಹುದು, ಕಾಗೆ ಬಿದ್ದರೆ ಕಾಗೆ ತೋಟದ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಕಾಗೆ ತೋಟ ಮುಟ್ಟುವ ಮೊದಲು ಎಲ್ಲ ಹಣ್ಣು ಬುಟ್ಟಿಗೆ ಸೇರಿದರೆ ಆಡಿದವರೆಲ್ಲರೂ ಗೆದ್ದಂತೆ, ಇಲ್ಲವಾದರೆ ಎಲ್ಲರೂ ಸೋತಂತೆ.

ನಿಮ್ಮ ಪ್ರಶ್ನೆಗೆ ಇದರಿಂದಾಗುವ ಉಪಕಾರವೆಂದರೆ, ಮಗು ಸೋಲುವುದನ್ನು ಕಲಿಯುತ್ತದೆ ಮತ್ತು ಒಬ್ಬಂಟಿಯಾಗಿ ಸೋಲುವುದಿಲ್ಲ. ಅಪ್ಪ, ಅಜ್ಜಿ, ಅಣ್ಣ ಎಲ್ಲರೂ ಅದೇ ಕಾಗೆಗೆ ಸೋತು ‘ಅಯ್ಯೋ’ ಎನ್ನುವುದನ್ನು ಕಂಡಾಗ ಸೋಲು ಅವಮಾನವಲ್ಲವೆಂದು ಹೇಳಬೇಕಾಗಿಯೇ ಬರುವುದಿಲ್ಲ. ಸೋತು ಕೊಡುವ ಚರ್ಚೆಯೂ ಇಲ್ಲಿ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಕಾಗೆಯ ಬದಲು ಮಂಗ, ಸೇಬು ಪೇರುಗಳ ಬದಲು ಬಾಳೆ, ಮಾವು, ಪೇರಲೆ, ನೇರಳೆ ಎಂದು ಬದಲಾಯಿಸಿಕೊಂಡೆವು. ಮಲೆನಾಡಿನ ತೋಟದವರಿಗೆ ಮಂಗ ಬರುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲವಷ್ಟೆ! ರಟ್ಟಿನ ಮೇಲೆ ಮರಗಳನ್ನು ಬರೆದು, ದೊಡ್ಡ ಗುಂಡಿಗಳನ್ನು ಹಣ್ಣಾಗಿಸಿ, ಹಳೆಯ ದಾಳಕ್ಕೆ ಬಣ್ಣದ ಕಾಗದ ಅಂಟಿಸಿದರೆ ಕೆಲಸ ಮುಗಿಯಿತು. ಹಣ್ಣುಗಳನ್ನು ಅಂಟಿಸುವ ಕೆಲಸವನ್ನು ಮಗಳಿಗೇ ಕೊಡಿರಿ, ತಾನು ಮಾಡಿದ ಪಟವನ್ನು ಅವಳು ಅಷ್ಟು ಬೇಗ ಕೆಡಿಸಲಾರಳು.

ಇನ್ನೊಂದು ಆಟವೆಂದರೆ ಜೋಡಿ ಚಿತ್ರಗಳನ್ನು ಮಗುಚಿಟ್ಟು ಎರಡೆರಡಾಗಿ ತೆರೆದು ಹೊಂದಿಸುವುದು. ಇದರಲ್ಲಿ ದೊಡ್ಡವರು ಮಕ್ಕಳಿಗಿಂತ ಹಿಂದೆ ಬೀಳುವುದು ಅಪರೂಪವಲ್ಲ. ಆರು ಜೋಡಿಗಳಿಂದ ಪ್ರಾರಂಭಿಸಿರಿ.

ಉತ್ತರ: ಪುತ್ತೂರಿನ ಅಜ್ಜಿ

ಶಿಕ್ಷಕಿಯವರ ಉತ್ತರ ವಿಚಾರಪೂರ್ಣವಾಗಿದೆ. ಆದರೆ ಕಾಯಿ ಹೊಡೆಯುವುದನ್ನು ಬಿಟ್ಟರೆ ಚೌಕಾಬಾರದಲ್ಲಿ ಉಳಿಯುವುದು ಉಪ್ಪಿಲ್ಲದ ಸಾರು. ಮಕ್ಕಳಿಗೆ ಹೊಡೆಸಿಕೊಳ್ಳುವುದು ಇಷ್ಟವಿಲ್ಲ, ಹೊಡೆಯುವುದು ಬಹಳ ಇಷ್ಟ. ಆದ್ದರಿಂದ ಆ ನಿಯಮವನ್ನು ಪೂರ್ತಿ ತೆಗೆಯದೆ, ಹೊಡೆಸಿಕೊಂಡ ಕಾಯಿ ಮೊದಲಿನಿಂದ ಹೊರಡುವ ಬದಲು ಹಿಂದಿನ ಕಟ್ಟೆಮನೆಗೆ ಮಾತ್ರ ಹಿಂತಿರುಗುವಂತೆ ಮಾಡಿದರೆ ಸಾಕೆಂದು ನನಗೆ ತೋರುತ್ತದೆ. ಹೊಡೆಯುವಾಗ ಅಣ್ಣ ಕುಣಿದಾಡಬಾರದು ಎಂಬ ನಿಯಮವನ್ನೂ ಸೇರಿಸಿರಿ. ಪಟ ಅಳಿಸುವುದಕ್ಕೆ ಕಾರಣ ಅನೇಕ ಸಲ ಸೋಲಲ್ಲ, ಆ ಕುಣಿತ.

ಚೆನ್ನೆಮಣೆಯನ್ನು ಯಾರೂ ಹೆಸರಿಸಲಿಲ್ಲವೆಂದು ಬರೆಯಲು ಕುಳಿತೆ. ನಿಮ್ಮ ಕಡೆ ಅದನ್ನು ಅಳಗುಳಿಮಣೆ ಎನ್ನುತ್ತಾರೆ. ನಮ್ಮಲ್ಲಿ ಆಟಿ ತಿಂಗಳ ಜಡಿಮಳೆಗೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಅದು ಅಟ್ಟದಿಂದ ಇಳಿಯುತ್ತದೆ. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಗೆಲ್ಲುವ ಲೆಕ್ಕಾಚಾರ ದೊಡ್ಡವರಿಗೇ ಕಷ್ಟ, ಆದರೆ ಒಂದು ಗುಳಿಯ ಕಾಯಿಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದಿದೆಯಲ್ಲ, ಅದು ನಾಲ್ಕು ವರ್ಷದವರಿಗೆ ಹೇಳಿ ಮಾಡಿಸಿದ ಕೆಲಸ. ಒಂದು ಗುಳಿಗೆ ಒಂದೇ ಕಾಯಿ, ಯಾವುದನ್ನೂ ಬಿಡುವಂತಿಲ್ಲ, ಯಾವುದಕ್ಕೂ ಎರಡು ಹಾಕುವಂತಿಲ್ಲ ಎಂಬಷ್ಟನ್ನು ಕೈ ಕಲಿತರೆ ಮುಂದಿನದನ್ನು ತಲೆ ಆಮೇಲೆ ಕಲಿಯುತ್ತದೆ. ನನ್ನ ಮೊಮ್ಮಕ್ಕಳು ನನ್ನ ಪರವಾಗಿ ಕಾಯಿ ಹಂಚುತ್ತಾ ಹಂಚುತ್ತಾ ಆಟಕ್ಕೆ ಬಂದವರು. ಯಾವ ಗುಳಿಯಿಂದ ಎತ್ತಬೇಕೆಂದು ನಾನು ಹೇಳುತ್ತಿದ್ದೆ, ಹಂಚುವವರು ಅವರು. ಗೆದ್ದರೆ ಇಬ್ಬರೂ ಗೆದ್ದಂತೆ. ಅಜ್ಜಿಯ ತೊಡೆಯ ಮೇಲೆ ಕೂರಿಸಿದ್ದನ್ನು ನೀವು ಸಮಾಧಾನದ ಉಪಾಯವೆಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಕಲಿಕೆ ಶುರುವಾಗುವುದೇ ಅಲ್ಲಿ, ಅಜ್ಜಿಯ ಪಾಲಿನಲ್ಲಿ ಮಗುವಿಗೂ ಪಾಲಿದ್ದರೆ.

ದಾದಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ: ಚೆನ್ನೆಮಣೆಗೆ ನಾವು ಬಳಸುವುದು ಮಂಜೊಟ್ಟಿ. ಅದು ಪೂರ್ತಿ ಕೆಂಪಾಗಿರುತ್ತದೆ, ಗುಲಗಂಜಿಯಂತೆ ಕಪ್ಪು ಚುಕ್ಕೆ ಇರುವುದಿಲ್ಲ. ಆದರೂ ಬೀಜ ಬೀಜವೇ. ಆಟ ಮುಗಿದ ಮೇಲೆ ಐವತ್ತಾರನ್ನೂ ಎಣಿಸಿಡುವುದು ನಮ್ಮ ಮನೆಯ ಪದ್ಧತಿ.

ಪ್ರಶ್ನೆ ಕೇಳಿದ ತಾಯಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಒಂದೇ ಕಾಯಿ, ಒಂದೇ ಸುತ್ತಿನ ಆಟವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಒಪ್ಪಿದರು, ಆದರೆ ಅದನ್ನು ಚೌಕಾಬಾರವೆಂದು ಕರೆಯಕೂಡದೆಂಬ ಷರತ್ತಿನ ಮೇಲೆ! ಮಗಳೊಂದಿಗೆ ಆಡಿಯೂ ನೋಡಿದೆವು. ಗರ ಕೂಗುವ ಕೆಲಸವನ್ನು ಅವಳು ಬಹಳ ಹಚ್ಚಿಕೊಂಡಿದ್ದಾಳೆ, ಈಗ ಅಣ್ಣ ಅವಸರದಲ್ಲಿ ಕವಡೆ ಎತ್ತಿಕೊಂಡರೆ ಇನ್ನೂ ಕೂಗಿಲ್ಲವೆಂದು ಅವಳೇ ತಡೆಯುತ್ತಾಳೆ. ಉಳಿದಿರುವ ಸಂದೇಹ ಎರಡು. ಒಳಸುತ್ತನ್ನು ಯಾವಾಗ ಸೇರಿಸಬೇಕು? ಮಗನಿಗೆ ಈ ಚಿಕ್ಕ ಆಟ ಬೇಸರ ತರಿಸುತ್ತಿದೆ, ಅವನನ್ನು ಹೇಗೆ ಹಿಡಿದಿಡುವುದು?

ಉತ್ತರ: ಶಿಶುವಿಹಾರದ ಶಿಕ್ಷಕಿ, ಧಾರವಾಡ

ಅಜ್ಜಿಯವರ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಹಿಂದಿನ ಕಟ್ಟೆಮನೆಗೆ ಕಳುಹಿಸುವ ನಿಯಮ ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ. ಹೊರಸುತ್ತನ್ನು ಯಾರೂ ಬೆರಳು ತೋರಿಸದೆ, ದಿಕ್ಕು ತಪ್ಪದೆ ಮುಗಿಸುವಂತಾದಾಗ ಆ ನಿಯಮವನ್ನು ಸೇರಿಸಿರಿ. ಅದನ್ನು ತಾಳಿಕೊಂಡ ಮೇಲೆ ಒಳಸುತ್ತು. ಎರಡನ್ನೂ ಒಂದೇ ದಿನ ತರಬೇಡಿ. ಒಳಸುತ್ತಿನ ಎಂಟು ಮನೆಗಳಿಗೆ ಬೇರೆ ಬಣ್ಣದ ಸೀಮೆಸುಣ್ಣ ಬಳಸಿ, ಮನೆಯಿಂದ ಮನೆಗೆ ಬಾಣದ ಗುರುತು ಹಾಕಿರಿ. ಬಾಣಗಳನ್ನು ನೋಡುವುದನ್ನು ಅವಳು ಬಿಟ್ಟಾಗ ನೀವೂ ಬರೆಯುವುದನ್ನು ಬಿಡಬಹುದು. ಒಬ್ಬರನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯುವಂತಿಲ್ಲ ಎಂಬ ನಿಯಮ ಎಲ್ಲಕ್ಕಿಂತ ಕೊನೆಗೆ ಬರಲಿ. ಅದಕ್ಕೆ ಅವಳು ಐದಾರು ವರ್ಷದವಳಾಗಬಹುದು, ಆಗಲಿ.

ಮಗನ ಬೇಸರ ಸಹಜ. ಚಿಕ್ಕ ಆಟದಲ್ಲಿ ಅವನನ್ನು ದಿನವೂ ಕೂರಿಸುವುದು ಅವನಿಗೆ ಅನ್ಯಾಯ. ತಂಗಿಯೊಂದಿಗೆ ಒಂದು ಆಟ, ಅದಾದ ಮೇಲೆ ನಾಲ್ಕು ಕಾಯಿಗಳ ಪೂರ್ತಿ ಚೌಕಾಬಾರ ಎಂದು ಮೊದಲೇ ಹೇಳಿಡಿ. ಆ ಪೂರ್ತಿ ಆಟದಲ್ಲಿ ಮಗಳು ಪುತ್ತೂರಿನ ಅಜ್ಜಿ ಹೇಳಿದಂತೆ ನಿಮ್ಮ ಅತ್ತೆಯವರ ಪಾಲುದಾರಳಾಗಿರಲಿ: ಕವಡೆ ಹಾಕುವುದು ಮತ್ತು ಕಾಯಿ ಕುಟ್ಟುವುದು ಅವಳದು, ನಾಲ್ಕರಲ್ಲಿ ಯಾವ ಕಾಯಿಯನ್ನು ನಡೆಸಬೇಕೆಂಬುದು ಅತ್ತೆಯವರದು. ಕೆಲವು ದಿನಗಳಾದ ಮೇಲೆ ಅತ್ತೆಯವರು ಎರಡು ಕಾಯಿಗಳನ್ನು ತೋರಿಸಿ, ಇವುಗಳಲ್ಲಿ ಯಾವುದನ್ನು ನಡೆಸೋಣವೆಂದು ಅವಳನ್ನೇ ಕೇಳಲಿ. ಅವಳು ಆರಿಸಿದ್ದು ದಡ್ಡತನದ ನಡೆಯಾಗಿ ಕಂಡರೂ ಅದನ್ನೇ ನಡೆಸಲಿ.